ಹೆಸರು ಮತ್ತು ಸಾರ: ದಾಲ್ಚಿನ್ನಿಯ ರಸಾಯನ ಚರಿತ್ರೆಯ ಕೆಲವು ಘಟ್ಟಗಳು

ಪ್ರಾಚೀನ ವಾಣಿಜ್ಯದ ಚರಿತ್ರೆಯನ್ನು ಅಭ್ಯಾಸ ಮಾಡುವವರು ಪದೇ ಪದೇ ಎದುರಿಸಬೇಕಾದ ತೊಡಕೊಂದುಂಟು. ಪ್ರವಾಸಕಥನ, ವೈದ್ಯಗ್ರಂಥ, ಸುಂಕದ ಪಟ್ಟಿ ಮೊದಲಾದ ಆಕರಗಳಲ್ಲಿ ಸರಕಿನ ಹೆಸರು ಉಳಿದುಬಂದಿರುತ್ತದೆ. ಸರಕು ಮಾತ್ರ ಉಳಿದಿರುವುದಿಲ್ಲ. ನಾಣ್ಯಗಳು ನೆಲದಲ್ಲಿ ದೊರೆಯುತ್ತವೆ, ಮಡಕೆಯ ಚೂರುಗಳು ದೊರೆಯುತ್ತವೆ. ಆದರೆ ಎರಡು ಸಾವಿರ ವರ್ಷಗಳ ಹಿಂದೆ ಹಡಗೇರಿ ಹೋದ ಸುವಾಸನೆಯ ತೊಗಟೆಯನ್ನು ಅಂದಿನ ಜನ ಅರೆದು, ಕುಡಿದು, ಧೂಪವಾಗಿ ಉರಿಸಿ ಮುಗಿಸಿಬಿಟ್ಟಿದ್ದಾರೆ. ಹೀಗಿರುವಾಗ ಗ್ರಂಥದಲ್ಲಿ ಕಂಡ ಹೆಸರಿಗೆ ನಮ್ಮ ಅಂಗಡಿಯಲ್ಲಿ ದೊರೆಯುವ ವಸ್ತುವನ್ನು ಜೋಡಿಸಿ ಮುಂದೆ ಸಾಗುವುದು ಸುಲಭ. ಅದು ಸರಿಯೇ ಎಂಬುದನ್ನು ತೋರಿಸುವುದು ಕಷ್ಟ.

ಈ ತೊಡಕಿಗೆ ದಾಲ್ಚಿನ್ನಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಕನ್ನಡನಾಡಿನ ಅಡುಗೆಮನೆಯಲ್ಲಿ ಚಕ್ಕೆ, ಲವಂಗಪಟ್ಟೆ, ದಾಲ್ಚಿನ್ನಿ ಎಂಬ ಹೆಸರುಗಳಿಂದ ಪರಿಚಿತವಾದ ಈ ತೊಗಟೆ ವಾಸ್ತವವಾಗಿ ಒಂದೇ ಮರದ್ದಲ್ಲ. ಸಿಂಹಳದ ದಾಲ್ಚಿನ್ನಿ ಒಂದು; ಚೀನ, ವಿಯೆಟ್ನಾಂ, ಇಂಡೊನೇಷ್ಯಗಳಿಂದ ಬರುವ ಕಾಸಿಯಾ ಎಂಬ ದಪ್ಪ ತೊಗಟೆ ಇನ್ನೊಂದು; ನಮ್ಮ ಪಶ್ಚಿಮಘಟ್ಟಗಳ ಕಾಡುಚಕ್ಕೆ ಮತ್ತೊಂದು. ಇವೆಲ್ಲ ಒಂದೇ ಸಸ್ಯಕುಲದ ಬೇರೆ ಬೇರೆ ಜಾತಿಗಳು. ಇವುಗಳ ಭೇದಾಭೇದಗಳನ್ನು ಕುರಿತು ವರ್ತಕರು, ವೈದ್ಯರು, ಸಸ್ಯಜ್ಞರು ಶತಮಾನಗಳ ಕಾಲ ವಾದಿಸಿದರು. ೧೯ನೆಯ ಶತಮಾನದಲ್ಲಿ ರಸಾಯನಶಾಸ್ತ್ರ ಈ ವಾದದೊಳಗೆ ಪ್ರವೇಶಿಸಿತು. ಅದು ಮೊದಲು ಈ ಭೇದವನ್ನು ಬಹುಮಟ್ಟಿಗೆ ಅಳಿಸಿಹಾಕಿತು; ಅನಂತರ, ಪ್ರಧಾನ ದ್ರವ್ಯವನ್ನು ಬಿಟ್ಟು ಅಲ್ಪಾಂಶಗಳ ಕಡೆಗೆ ದೃಷ್ಟಿಯನ್ನು ತಿರುಗಿಸಿದಾಗ, ಅದೇ ಭೇದವನ್ನು ಇನ್ನಷ್ಟು ದೃಢವಾಗಿ ಸ್ಥಾಪಿಸಿತು. ಈ ಎರಡು ಹೆಜ್ಜೆಗಳನ್ನು ಗುರುತಿಸಿ, ಅವುಗಳಿಂದ ಚರಿತ್ರೆಯ ವಿದ್ಯಾರ್ಥಿ ಕಲಿಯಬೇಕಾದುದೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಪ್ರಾಚೀನರ ಹೆಸರುಗಳು

ಕ್ರಿಸ್ತಪೂರ್ವ ೫ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಅರೇಬಿಯದ ಪರಿಮಳದ್ರವ್ಯಗಳನ್ನು ವರ್ಣಿಸುತ್ತ ಎರಡು ಹೆಸರುಗಳನ್ನು ಹೇಳುತ್ತಾನೆ: ಕಿನ್ನಮೋಮೊನ್ ಮತ್ತು ಕಾಸಿಯಾ. ಮೊದಲನೆಯ ಹೆಸರನ್ನು ಗ್ರೀಕರು ಫಿನೀಷಿಯನರಿಂದ ಕಲಿತರೆಂದು ಅವನೇ ತಿಳಿಸಿದ್ದಾನೆ. ದೊಡ್ಡ ಪಕ್ಷಿಗಳು ಎಲ್ಲಿಂದಲೋ ಈ ಕಡ್ಡಿಗಳನ್ನು ತಂದು ಕಡಿದಾದ ಬಂಡೆಗಳ ಮೇಲೆ ಗೂಡು ಕಟ್ಟುತ್ತವೆ. ಜನರು ಸತ್ತ ಎತ್ತುಗಳ ದೊಡ್ಡ ದೊಡ್ಡ ಮಾಂಸಖಂಡಗಳನ್ನು ಕೆಳಗಿಡುತ್ತಾರೆ. ಪಕ್ಷಿಗಳು ಅವನ್ನು ಗೂಡಿಗೆ ಒಯ್ದಾಗ ಗೂಡು ಭಾರ ತಾಳದೆ ಕುಸಿಯುತ್ತದೆ. ಬಿದ್ದ ಕಡ್ಡಿಗಳನ್ನು ಜನ ಆಯ್ದುಕೊಳ್ಳುತ್ತಾರೆ. ಕಾಸಿಯಾ ಬೆಳೆಯುವ ಸರೋವರವನ್ನಾದರೋ ಬಾವಲಿಗಳಂಥ ರೆಕ್ಕೆಯ ಪ್ರಾಣಿಗಳು ಕಾಯುತ್ತಿರುತ್ತವೆ. ಕಥೆ ಸ್ವಾರಸ್ಯವಾಗಿದೆ. ಆದರೆ ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ, ಮರವನ್ನು ಕಂಡವರು ಯಾರೂ ಈ ಕಥೆಯಲ್ಲಿಲ್ಲ.

ಕ್ರಿ. ಶ. ಒಂದನೆಯ ಶತಮಾನದ ರೋಮನ್ ವಿದ್ವಾಂಸ ಪ್ಲಿನಿ ಈ ಕಥೆಗಳನ್ನು ತಳ್ಳಿಹಾಕಿ, ಇವು ಸರಕಿನ ಬೆಲೆಯೇರಿಸುವುದಕ್ಕಾಗಿ ಹುಟ್ಟಿಸಿದ ಕಥೆಗಳೆಂದು ಸ್ಪಷ್ಟವಾಗಿ ಬರೆದನು. ಆದರೂ ಈ ದ್ರವ್ಯ ಇಥಿಯೋಪಿಯದ ಕಡೆಯಿಂದ ಬರುತ್ತದೆಯೆಂದೇ ಅವನ ನಂಬಿಕೆ. ಅದೇ ಶತಮಾನದ ನಾವಿಕರ ಕೈಪಿಡಿಯಾದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಕಾಸಿಯಾವನ್ನು ಇಂದಿನ ಸೊಮಾಲಿಯಾ ತೀರದ ರೇವುಗಳ ರಫ್ತಿನಲ್ಲಿ ಸೇರಿಸುತ್ತದೆ. ಮಲಬಾರಿನ ಮುಜಿರಿಸ್ ಮತ್ತು ನೆಲ್ಕಿಂಡಗಳ ರಫ್ತಿನಲ್ಲಿ ಮೆಣಸಿನ ಜೊತೆಗೆ ಮಲಬಾತ್ರಮ್ ಎಂಬ ಎಲೆಯನ್ನು ಹೇಳುತ್ತದೆಯೇ ಹೊರತು ತೊಗಟೆಯನ್ನು ಹೇಳುವುದಿಲ್ಲ. ಈ ಮಲಬಾತ್ರಮ್ ಎಂಬುದು ಸಂಸ್ಕೃತದ ತಮಾಲಪತ್ರ ಶಬ್ದದ ರೂಪಾಂತರ, ನಮ್ಮ ಪಲಾವಿನೆಲೆ. ದಾಲ್ಚಿನ್ನಿಯ ಕುಲಕ್ಕೇ ಸೇರಿದ ಮರದ ಎಲೆಯೊಂದು ಭಾರತದ ಸರಕಾಗಿಯೂ, ಅದೇ ಕುಲದ ತೊಗಟೆ ಆಫ್ರಿಕದ ಸರಕಾಗಿಯೂ ರೋಮನರ ಪೇಟೆಯನ್ನು ಮುಟ್ಟುತ್ತಿದ್ದುವು. ಅವೆರಡೂ ನಂಟರೆಂಬುದು ಕೊಳ್ಳುವವರಿಗೆ ತಿಳಿದಿರಲಿಲ್ಲ. ತೊಗಟೆ ಪೂರ್ವದೇಶಗಳಿಂದ ಆಫ್ರಿಕದ ರೇವುಗಳ ಮೂಲಕ ಹಾದುಹೋಗುತ್ತಿತ್ತೆಂದು ಕೆಲವು ವಿದ್ವಾಂಸರೂ, ಪ್ರಾಚೀನರ ಕಿನ್ನಮೋಮೊನ್ ಆಫ್ರಿಕದ್ದೇ ಬೇರೊಂದು ಸಸ್ಯವಾಗಿದ್ದಿರಬೇಕೆಂದು ಮತ್ತೆ ಕೆಲವರೂ ವಾದಿಸಿದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ.

ವೈದ್ಯರ ಸಾಕ್ಷ್ಯವೂ ಇದೇ ಬಗೆಯದು. ಡಯಾಸ್ಕೊರಿಡೀಸನು ಎರಡು ಹೆಸರುಗಳ ಅಡಿಯಲ್ಲಿಯೂ ಹಲವು ತರಗಳನ್ನು ಎಣಿಸುತ್ತಾನೆ. ೨ನೆಯ ಶತಮಾನದ ಗ್ಯಾಲೆನನು, ಮೊದಲನೆಯದು ದೊರೆಯದಿದ್ದರೆ ಕಾಸಿಯಾವನ್ನು ಇಮ್ಮಡಿ ತೂಕದಲ್ಲಿ ಉಪಯೋಗಿಸಬಹುದೆನ್ನುತ್ತಾನೆ. ಅಂದಮೇಲೆ ಅವನ ದೃಷ್ಟಿಯಲ್ಲಿ ಎರಡಕ್ಕೂ ಇದ್ದ ಅಂತರ ಗುಣದ್ದಲ್ಲ, ಬಲದ್ದು. ಭಾರತದ ವೈದ್ಯಪರಂಪರೆಯ ವಿಂಗಡಣೆ ಇದಕ್ಕಿಂತ ಭಿನ್ನವಾದುದು. ಇಲ್ಲಿ ತೊಗಟೆಯ ಹೆಸರೇ ತ್ವಕ್. ಎಲೆಯ ಹೆಸರೇ ಪತ್ರ. ತ್ವಕ್, ಏಲಾ, ಪತ್ರ ಎಂಬ ಮೂರನ್ನು ತ್ರಿಜಾತಕವೆಂದೂ, ಅವುಗಳಿಗೆ ನಾಗಕೇಸರವನ್ನು ಸೇರಿಸಿ ಚತುರ್ಜಾತಕವೆಂದೂ ಕರೆದರು. ಸಸ್ಯದ ಯಾವ ಅಂಗ ಎಂಬುದು ಈ ಹೆಸರುಗಳಿಂದ ನಿಸ್ಸಂದೇಹವಾಗಿ ತಿಳಿಯುತ್ತದೆ. ಯಾವ ನಾಡಿನ ಯಾವ ಮರ ಎಂಬುದು ತಿಳಿಯುವುದಿಲ್ಲ. ಪಾರಸಿಯ 'ದಾರ್‌ಚೀನಿ', ಅಂದರೆ 'ಚೀನದ ಮರ', ಇದಕ್ಕೆ ವಿರುದ್ಧವಾದ ಬಗೆಯ ಹೆಸರು. ಅದು ನಾಡನ್ನು ಹೇಳುತ್ತದೆ, ಅಂಗವನ್ನು ಹೇಳುವುದಿಲ್ಲ. ನಮ್ಮ ದಾಲ್ಚಿನ್ನಿ ಎಂಬ ಮಾತು ಅದರಿಂದಲೇ ಬಂದುದು. ಸಿಂಹಳದ ತೊಗಟೆಯನ್ನೂ ನಾವು ಚೀನದ ಹೆಸರಿನಿಂದ ಕರೆಯುತ್ತಿದ್ದೇವೆಂಬುದನ್ನು ನೆನೆದರೆ, ಸರಕಿನ ಹೆಸರನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಮನಸ್ಸಿಗೆ ಬರುತ್ತದೆ.

೨. ಸಿಂಹಳದ ಚಕ್ಕೆ, ಮಲಬಾರಿನ ಚಕ್ಕೆ

೧೩೪೪ರಲ್ಲಿ ಸಿಂಹಳಕ್ಕೆ ಬಂದ ಇಬ್ನ್ ಬತೂತನು, ಪ್ರವಾಹದಲ್ಲಿ ತೇಲಿಬಂದ ದಾಲ್ಚಿನ್ನಿಯ ಮರಗಳು ಪುತ್ತಳಂ ತೀರದಲ್ಲಿ ರಾಶಿಯಾಗಿ ಬಿದ್ದಿದ್ದುದನ್ನೂ, ಮಾಬರ್ ಮತ್ತು ಮಲಬಾರಿನ ಜನರು ಬೆಲೆ ಕೊಡದೆ, ದೊರೆಗೆ ಬಟ್ಟೆಯೇ ಮೊದಲಾದ ಕಾಣಿಕೆಯನ್ನು ಮಾತ್ರ ಒಪ್ಪಿಸಿ ಅವನ್ನು ಒಯ್ಯುತ್ತಿದ್ದುದನ್ನೂ ಬರೆದಿದ್ದಾನೆ. ೧೬ನೆಯ ಶತಮಾನದ ಮೊದಲಲ್ಲಿ ಪೋರ್ಚುಗೀಸರು ಬಂದಮೇಲೆ ಈ ಸರಾಗವಾದ ವ್ಯವಹಾರ ಮುಗಿಯಿತು. ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾದ ಸಂವಾದರೂಪದ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನು ಹಳೆಯ ತೊಡಕನ್ನು ಬಿಡಿಸಲು ಯತ್ನಿಸಿದನು. ಪ್ರಾಚೀನರ ಎರಡು ಹೆಸರುಗಳೂ ಒಂದೇ ವಸ್ತುವಿನವು, ನೆಲದ ಗುಣದಿಂದ ತರಗಳು ಬೇರೆಯಾಗುತ್ತವೆ, ಸಿಂಹಳದ್ದು ಉತ್ತಮ, ಮಲಬಾರಿನದು ಕೀಳು ಎಂಬುದು ಅವನ ನಿರ್ಣಯ. ಯೂರೋಪಿನ ಗ್ರಂಥಗಳನ್ನು ಮಾತ್ರ ಓದಿದವರಿಗಿಂತ, ಸರಕನ್ನು ಕಣ್ಣಾರೆ ಕಂಡ ಓರ್ತನ ಮಾತಿಗೆ ಹೆಚ್ಚಿನ ಬೆಲೆಯಿತ್ತು.

ಡಚ್ಚರು ೧೬೫೬ರಲ್ಲಿ ಕೊಲಂಬೊವನ್ನೂ ೧೬೬೩ರಲ್ಲಿ ಕೊಚ್ಚಿಯನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡರು. ಇದರಿಂದ ಉತ್ತಮ ಚಕ್ಕೆಯ ನಾಡೂ ಕಾಡುಚಕ್ಕೆಯ ನಾಡೂ ಒಂದೇ ಕಂಪನಿಯ ಹಿಡಿತಕ್ಕೆ ಬಂದುವು. ಸಿಂಹಳದ ಸರಕಿನ ಬೆಲೆಯನ್ನು ಉಳಿಸಬೇಕಾದರೆ ಮಲಬಾರಿನ ಸರಕು ಬೇರೆಯವರ ಕೈಗೆ ಹೋಗದಂತೆ ತಡೆಯಬೇಕು. ಆದಕಾರಣ ಕೊಚ್ಚಿಯ ಅರಸನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮೆಣಸಿನಂತೆಯೇ ಕಾಡುಚಕ್ಕೆಯ ಏಕಸ್ವಾಮ್ಯವನ್ನೂ ಕಂಪನಿ ತನಗೆ ಬರೆಸಿಕೊಂಡಿತು. ೧೬೭೦ರಿಂದ ೧೬೭೭ರವರೆಗೆ ಮಲಬಾರಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ವಾನ್ ರೀಡನ ಕಾಲದಲ್ಲಿ ಕೊಚ್ಚಿಯಲ್ಲಿಯೇ ಕಾಡುಚಕ್ಕೆಯಿಂದ ತೈಲವನ್ನು ಬಟ್ಟಿ ಇಳಿಸುವ ಪ್ರಯತ್ನ ನಡೆಯಿತು. ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದ ಅವನ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಮರವು 'ಕರುವಾ' ಎಂಬ ಮಲಬಾರಿನ ಹೆಸರಿನಿಂದ ಚಿತ್ರಸಹಿತವಾಗಿ ಬಂದಿದೆ. ಆ ಗ್ರಂಥಕ್ಕೆ ಮಲಯಾಳದ ವೈದ್ಯ ಇಟ್ಟಿ ಅಚ್ಯುತನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವಿದ್ವಾಂಸರೂ ನೆರವಾಗಿದ್ದರೆಂಬುದು ಪ್ರಸಿದ್ಧವಾಗಿದೆ.

ಸಿಂಹಳದಲ್ಲಿ ಡಚ್ಚರು ಮೊದಲಿಗೆ ಕಾಡಿನ ಮರಗಳಿಂದಲೇ ತೊಗಟೆಯನ್ನು ಸುಲಿಸುತ್ತಿದ್ದರು. ತೋಟಗಳಲ್ಲಿ ಕ್ರಮವಾಗಿ ಬೆಳೆಸಲು ಆರಂಭಿಸಿದುದು ೧೮ನೆಯ ಶತಮಾನದ ಉತ್ತರಾರ್ಧದಲ್ಲಿ. ೧೭೯೬ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು. ೧೮೩೩ರಲ್ಲಿ ಸರ್ಕಾರದ ಏಕಸ್ವಾಮ್ಯ ರದ್ದಾಯಿತು. ಆಗ ಚೀನ ಮತ್ತು ಜಾವಾದ ಅಗ್ಗದ ಕಾಸಿಯಾ ಸಿಂಹಳದ ಚಕ್ಕೆಗೆ ಪ್ರಬಲ ಎದುರಾಳಿಯಾಗಿ ನಿಂತಿತು. ಸಸ್ಯಶಾಸ್ತ್ರಜ್ಞರು ಈ ನಡುವೆ ತಮ್ಮ ತೀರ್ಪನ್ನು ಕೊಟ್ಟಿದ್ದರು. ೧೭೫೩ರಲ್ಲಿ ಲಿನೇಯಸನು ಎರಡನ್ನೂ ಒಂದೇ ಕುಲದ ಎರಡು ಜಾತಿಗಳೆಂದು ಬೇರ್ಪಡಿಸಿದನು. ೧೮೨೫ರಲ್ಲಿ ಬೊಹೀಮಿಯದ ಪ್ರೆಸ್ಲನು ಸಿಂಹಳದ ಜಾತಿಗೆ ಕೊಟ್ಟ 'ಸಿನಮೋಮಮ್ ವೇರಮ್' ಎಂಬ ಹೆಸರು ಇಂದಿಗೂ ಅಂಗೀಕೃತವಾಗಿದೆ. 'ವೇರಮ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ನಿಜವಾದುದು'. ವರ್ತಕರ ಜಗಳದ ಒಂದು ಪಕ್ಷ ಹೀಗೆ ಶಾಸ್ತ್ರೀಯ ನಾಮಧೇಯದಲ್ಲಿಯೇ ಸೇರಿಕೊಂಡಿತು. ಆದರೆ ಎಲೆ ಹೂವುಗಳನ್ನು ನೋಡಿ ಜಾತಿಯನ್ನು ನಿರ್ಣಯಿಸುವ ಸಸ್ಯಶಾಸ್ತ್ರ, ಎಲೆಯೂ ಹೂವೂ ಇಲ್ಲದೆ ಪೇಟೆಗೆ ಬರುವ ತೊಗಟೆಯನ್ನು, ಅದರಲ್ಲಿಯೂ ಕುಟ್ಟಿದ ಪುಡಿಯನ್ನು, ಕುರಿತು ಹೇಳಬಹುದಾದದ್ದು ಅತ್ಯಲ್ಪ.

೩. ಬಟ್ಟಿಯಿಂದ ಅಣುವಿಗೆ

ತೊಗಟೆಯನ್ನು ನೀರಿನೊಡನೆ ಬಟ್ಟಿ ಇಳಿಸಿದರೆ ಹಳದಿ ಬಣ್ಣದ ಸುಗಂಧ ತೈಲ ದೊರೆಯುತ್ತದೆ ಎಂಬುದು ೧೬ನೆಯ ಶತಮಾನದ ಯೂರೋಪಿನ ಔಷಧಕಾರರಿಗೆ ತಿಳಿದಿತ್ತು. ಬಹುತೇಕ ಸುಗಂಧ ತೈಲಗಳು ನೀರಿನ ಮೇಲೆ ತೇಲುತ್ತವೆ. ಇದು ಲವಂಗದ ತೈಲದಂತೆ ನೀರಿನಲ್ಲಿ ಮುಳುಗುತ್ತದೆ. ಶೀಸೆಯಲ್ಲಿ ಬಹುಕಾಲ ಇಟ್ಟ ತೈಲದಲ್ಲಿ ಹರಳುಗಳು ಕಾಣಿಸಿಕೊಳ್ಳುತ್ತವೆ. ಈ ಹರಳುಗಳನ್ನು ಹಿಂದಿನವರು ಲೋಬಾನದಿಂದ ದೊರೆಯುವ ಬೆಂಜೋಯಿಕ್ ಆಮ್ಲವೆಂದೇ ಭಾವಿಸಿದ್ದರು.

೧೮೩೨ರಲ್ಲಿ ಜರ್ಮನಿಯ ವ್ಹೋಲರ್ ಮತ್ತು ಲೀಬಿಗ್ ಕಹಿಬಾದಾಮಿಯ ತೈಲವನ್ನು ಪರಿಶೋಧಿಸಿ, ಅದರಿಂದ ಹುಟ್ಟುವ ಹಲವು ಸಂಯುಕ್ತಗಳಲ್ಲಿ ಒಂದು ಪರಮಾಣುಗುಂಪು ಬದಲಾಗದೆ ಉಳಿಯುತ್ತದೆಂದು ತೋರಿಸಿದರು. ಸಸ್ಯದ್ರವ್ಯಗಳ ಅಸ್ತವ್ಯಸ್ತ ಸಮೂಹದಲ್ಲಿ ಕ್ರಮವನ್ನು ಕಾಣುವುದಕ್ಕೆ ಇದು ದಾರಿ ತೆರೆಯಿತು. ಎರಡೇ ವರ್ಷಗಳ ಅನಂತರ, ೧೮೩೪ರಲ್ಲಿ, ಪ್ಯಾರಿಸಿನ ಡ್ಯೂಮಾ ಮತ್ತು ಪೆಲಿಗೊ ಅದೇ ದಾರಿಯಲ್ಲಿ ನಡೆದು ದಾಲ್ಚಿನ್ನಿಯ ತೈಲವನ್ನು ಕೈಗೆತ್ತಿಕೊಂಡರು. ಅದರ ಪ್ರಧಾನ ದ್ರವ್ಯವನ್ನು ಅವರು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಹಳೆಯ ತೈಲದ ಹರಳು ಬೆಂಜೋಯಿಕ್ ಆಮ್ಲವಲ್ಲ, ಪ್ರಧಾನ ದ್ರವ್ಯ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಆದ ಬೇರೆಯೇ ಆಮ್ಲವೆಂದು ಸ್ಥಾಪಿಸಿದರು. ಆ ಆಮ್ಲಕ್ಕೆ ಸಿನಮಿಕ್ ಆಮ್ಲವೆಂಬ ಹೆಸರು ನಿಂತಿತು. ಪ್ರಧಾನ ದ್ರವ್ಯಕ್ಕೆ ಮುಂದೆ ಸಿನಮಾಲ್ಡಿಹೈಡ್ ಎಂಬ ಹೆಸರಾಯಿತು. ಇದರ ಅಣುವಿನಲ್ಲಿ ಇಂಗಾಲದ ೯, ಜಲಜನಕದ ೮, ಆಮ್ಲಜನಕದ ೧ ಪರಮಾಣುಗಳಿವೆ: ಆರು ಇಂಗಾಲಗಳ ಒಂದು ವಲಯ, ಅದಕ್ಕೆ ಜೋಡಿಸಿದ ಮೂರು ಇಂಗಾಲಗಳ ಒಂದು ಬಾಲ.

೧೮೫೦ರ ದಶಕದಲ್ಲಿ ಇಟಲಿಯ ಕಿಯೋಟ್ಸನು ಕಹಿಬಾದಾಮಿ ತೈಲದ ದ್ರವ್ಯವಾದ ಬೆಂಜಾಲ್ಡಿಹೈಡನ್ನು ಅಸಿಟಾಲ್ಡಿಹೈಡಿನೊಡನೆ ಕೂಡಿಸಿ ಸಿನಮಾಲ್ಡಿಹೈಡನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದನು. ಪಕ್ಷಿಗಳ ಗೂಡಿನಿಂದ ಕೆಡವಬೇಕಾಗಿದ್ದ, ಒಪ್ಪಂದಗಳಿಂದಲೂ ಕಾವಲುಗಳಿಂದಲೂ ಕಾಪಾಡಬೇಕಾಗಿದ್ದ ಪರಿಮಳ ಈಗ ಮರವೇ ಇಲ್ಲದೆ ಗಾಜಿನ ಪಾತ್ರೆಯಲ್ಲಿ ಹುಟ್ಟಿತು. ಸಿಂಹಳದ ಚಕ್ಕೆಯ ತೈಲದಲ್ಲಿಯೂ ಚೀನದ ಕಾಸಿಯಾ ತೈಲದಲ್ಲಿಯೂ ಇರುವ ಪ್ರಧಾನ ದ್ರವ್ಯ ಇದೊಂದೇ ಎಂಬುದು ನಿಶ್ಚಯವಾಯಿತು. ಅಷ್ಟೇ ಅಲ್ಲ, ಸಿಂಹಳದ ತೊಗಟೆಯ ತೈಲದಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ೫೦ರಿಂದ ೭೫ರವರೆಗೆ ಇದ್ದರೆ, ಕೀಳೆನಿಸಿದ ಕಾಸಿಯಾದ ತೈಲದಲ್ಲಿ ೭೫ರಿಂದ ೯೦ರವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚಾಗಿ, ಇರುತ್ತದೆ. ಪ್ರಧಾನ ದ್ರವ್ಯವೇ ವಸ್ತುವಿನ ಸಾರವೆಂದಾದರೆ ಕಾಸಿಯಾವೇ ಹೆಚ್ಚು ನಿಜವಾದ ದಾಲ್ಚಿನ್ನಿಯಾಗಬೇಕು! ಹೀಗೆ ರಸಾಯನಶಾಸ್ತ್ರದ ಮೊದಲ ಹೆಜ್ಜೆ ವರ್ತಕರ ಭೇದವನ್ನೂ ಸಸ್ಯಜ್ಞರ ಭೇದವನ್ನೂ ಒಟ್ಟಿಗೆ ದುರ್ಬಲಗೊಳಿಸಿತು. ಪ್ಲಿನಿ ಕಥೆಗಳ ಹಿಂದೆ ಕಂಡ ಬೆಲೆಯ ಲೆಕ್ಕಾಚಾರವೇ 'ಉತ್ತಮ' 'ಕೀಳು' ಎಂಬ ಮಾತುಗಳ ಹಿಂದೆಯೂ ಇತ್ತೆಂದು ಯಾರಾದರೂ ಹೇಳಿದ್ದರೆ, ಅಂದಿನ ಮಟ್ಟಿಗೆ ಅದಕ್ಕೆ ಉತ್ತರವಿರಲಿಲ್ಲ.

೪. ಅಲ್ಪಾಂಶಗಳ ಸಾಕ್ಷ್ಯ

ಉತ್ತರ ದೊರೆತುದು ತೈಲದ ಉಳಿದ ಭಾಗದಿಂದ. ಸಿಂಹಳದ ತೊಗಟೆಯ ತೈಲದಲ್ಲಿ ಸಿನಮಾಲ್ಡಿಹೈಡಿನ ಜೊತೆಗೆ ಯೂಜಿನಾಲ್, ಲಿನಲೂಲ್, ಕ್ಯಾರಿಯೊಫಿಲೀನ್ ಮೊದಲಾದ ಅನೇಕ ದ್ರವ್ಯಗಳು ಸ್ವಲ್ಪ ಸ್ವಲ್ಪವಾಗಿ ಸೇರಿವೆ. ಯೂಜಿನಾಲ್ ಎಂಬುದು ಲವಂಗದ ತೈಲದ ಪ್ರಧಾನ ದ್ರವ್ಯ. ಲವಂಗದ ಹಳೆಯ ಸಸ್ಯನಾಮವಾದ ಯೂಜೀನಿಯ ಎಂಬುದರಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಚೀನದ ಕಾಸಿಯಾದಲ್ಲಿ ಇದು ಇಲ್ಲವೆನ್ನುವಷ್ಟು ಕಡಮೆ. ನಮ್ಮ ಜನ ದಾಲ್ಚಿನ್ನಿಯನ್ನು ಲವಂಗಪಟ್ಟೆ ಎಂದು ಕರೆಯುವುದುಂಟಷ್ಟೆ. ಲವಂಗದ ಮರಕ್ಕೂ ಈ ತೊಗಟೆಗೂ ಸಂಬಂಧವಿಲ್ಲವಾದುದರಿಂದ ಸಸ್ಯಶಾಸ್ತ್ರದ ದೃಷ್ಟಿಯಿಂದ ಈ ಹೆಸರು ತಪ್ಪು. ಆದರೆ ಸಿಂಹಳದ ಜಾತಿಯ ಮಟ್ಟಿಗೆ ಲವಂಗದ ದ್ರವ್ಯವೊಂದು ಈ ಚಕ್ಕೆಯಲ್ಲಿದೆ ಎಂಬುದಂತೂ ನಿಜ.

ಇನ್ನೂ ವಿಸ್ಮಯದ ಸಂಗತಿಯೆಂದರೆ ಒಂದೇ ಮರದ ಮೂರು ಅಂಗಗಳಲ್ಲಿ ಮೂರು ಬಗೆಯ ತೈಲಗಳಿರುವುದು. ಸಿಂಹಳದ ದಾಲ್ಚಿನ್ನಿಮರದ ಕಾಂಡದ ತೊಗಟೆಯಲ್ಲಿ ಸಿನಮಾಲ್ಡಿಹೈಡ್ ಪ್ರಧಾನ. ಎಲೆಯ ತೈಲದಲ್ಲಿ ಯೂಜಿನಾಲ್ ನೂರಕ್ಕೆ ಸುಮಾರು ೭೦ರಿಂದ ೯೦ರಷ್ಟು. ಬೇರಿನ ತೊಗಟೆಯ ತೈಲದಲ್ಲಿಯಾದರೋ ಕರ್ಪೂರ ಪ್ರಧಾನ. ಆದುದರಿಂದ ಮರದ ಹೆಸರನ್ನು ಹೇಳಿದ ಮಾತ್ರಕ್ಕೆ ದ್ರವ್ಯದ ಹೆಸರು ಹೇಳಿದಂತಾಗುವುದಿಲ್ಲ. ತ್ವಕ್ ಬೇರೆ, ಪತ್ರ ಬೇರೆ ಎಂದು ಅಂಗವನ್ನು ಹಿಡಿದು ಹೆಸರಿಟ್ಟ ನಮ್ಮ ಪ್ರಾಚೀನ ವೈದ್ಯರ ಕ್ರಮ ಈ ಒಂದು ವಿಷಯದಲ್ಲಿ ವಿವೇಕಯುತವಾದುದೆಂದೇ ಹೇಳಬೇಕು.

ಎರಡು ತೊಗಟೆಗಳನ್ನು ಬೇರ್ಪಡಿಸುವ ಮುಖ್ಯ ದ್ರವ್ಯ ಕೂಮರಿನ್. ೧೮೨೦ರಲ್ಲಿ ಜರ್ಮನಿಯ ಫೋಗಲನು ದಕ್ಷಿಣ ಅಮೆರಿಕದ ಟೊಂಕಾ ಎಂಬ ಸುವಾಸನೆಯ ಬೀಜದಿಂದ ಇದನ್ನು ಪಡೆದನು. ಅವನೂ ಇದನ್ನು ಬೆಂಜೋಯಿಕ್ ಆಮ್ಲವೆಂದೇ ತಿಳಿದನು. ಬೇರೆಯ ದ್ರವ್ಯವೆಂದು ಗುರುತಿಸಿ ಹೆಸರಿಟ್ಟವನು ಫ್ರಾನ್ಸಿನ ಗೀಬೂರ್. ೧೮೬೮ರಲ್ಲಿ ಇಂಗ್ಲೆಂಡಿನ ಪರ್ಕಿನ್ ಇದನ್ನು ಕೃತಕವಾಗಿ ತಯಾರಿಸಿದನು. ಕೊಯ್ದ ಹುಲ್ಲಿನ ಪರಿಮಳವನ್ನು ಹೋಲುವ ಈ ದ್ರವ್ಯವನ್ನು ಸುಗಂಧಗಳಲ್ಲಿಯೂ, ವೆನಿಲ್ಲಕ್ಕೆ ಬದಲಾಗಿ ತಿನಿಸುಗಳಲ್ಲಿಯೂ ಧಾರಾಳವಾಗಿ ಬಳಸಿದರು. ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದು ಯಕೃತ್ತಿಗೆ ಹಾನಿ ಮಾಡುತ್ತದೆಂದು ಕಂಡುಬಂದುದರಿಂದ ೧೯೫೪ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಆಹಾರಕ್ಕೆ ಇದನ್ನು ಬೆರೆಸುವುದನ್ನು ನಿಷೇಧಿಸಿತು. ಅದಕ್ಕೆ ತುಸು ಮೊದಲು, ೧೯೫೨ರಲ್ಲಿ, ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಆವಿರೂಪದ ದ್ರವ್ಯಗಳನ್ನು ಒಂದೊಂದಾಗಿ ಬೇರ್ಪಡಿಸುವ ಅನಿಲ ವರ್ಣರೇಖನ ಪದ್ಧತಿಯನ್ನು ಪ್ರಕಟಿಸಿದ್ದರು. ನೂರರಲ್ಲಿ ಒಂದಂಶಕ್ಕಿಂತ ಎಷ್ಟೋ ಕಡಮೆಯಿರುವ ದ್ರವ್ಯವನ್ನು ಅಳೆಯುವುದು ಇಂಥ ಪದ್ಧತಿಗಳಿಂದ ಸುಲಭವಾಯಿತು.

ಅಳೆದು ನೋಡಿದಾಗ ಕಂಡ ಅಂತರ ದೊಡ್ಡದು. ಕಾಸಿಯಾ ಪುಡಿಯ ಒಂದು ಕಿಲೋಗ್ರಾಮಿನಲ್ಲಿ ಸರಾಸರಿ ಸುಮಾರು ೩ ಗ್ರಾಂ ಕೂಮರಿನ್ ಇರುತ್ತದೆ. ಸಿಂಹಳದ ದಾಲ್ಚಿನ್ನಿಯಲ್ಲಿ ಅದು ಅತ್ಯಲ್ಪ, ಅನೇಕ ಮಾದರಿಗಳಲ್ಲಿ ಅಳತೆಗೆ ಸಿಕ್ಕದಷ್ಟು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ೨೦೦೪ರಲ್ಲಿ ಮನುಷ್ಯನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ೦.೧ ಮಿಲಿಗ್ರಾಂ ಕೂಮರಿನ್ ಸಹ್ಯವಾದ ಮಿತಿಯೆಂದು ನಿರ್ಧರಿಸಿತು. ೬೦ ಕಿಲೋಗ್ರಾಂ ತೂಕದ ವ್ಯಕ್ತಿಗೆ ಇದು ೬ ಮಿಲಿ­ಗ್ರಾಂ. ೨ ಗ್ರಾಂ ಕಾಸಿಯಾ ಪುಡಿಯಲ್ಲಿ ಅಷ್ಟು ಕೂಮರಿನ್ ಇರುತ್ತದೆ. ೨೦೦೮ರ ಐರೋಪ್ಯ ನಿಯಮಾವಳಿ ಹಬ್ಬದ ಸಾಂಪ್ರದಾಯಿಕ ಬೇಕರಿ ತಿನಿಸುಗಳಲ್ಲಿ ಕಿಲೋಗ್ರಾಮಿಗೆ ೫೦ ಮಿಲಿಗ್ರಾಂ, ಇತರ ಬೇಕರಿ ತಿನಿಸುಗಳಲ್ಲಿ ೧೫ ಮಿಲಿಗ್ರಾಂ ಎಂಬ ಮಿತಿಗಳನ್ನು ವಿಧಿಸಿತು. ಭಾರತದ ೨೦೧೧ರ ಆಹಾರ ನಿಯಮಾವಳಿಯೂ ದಾಲ್ಚಿನ್ನಿಯನ್ನೂ ಕಾಸಿಯಾವನ್ನೂ ಎರಡು ಬೇರೆ ಬೇರೆ ವಸ್ತುಗಳಾಗಿಯೇ ನಿರೂಪಿಸಿದೆ.

ಹೆಸರಿನ ಗೊಂದಲ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವನ್ನು ಕೊಡಬಹುದು. ೨೦೦೩ರಲ್ಲಿ ಪಾಕಿಸ್ತಾನದ ೬೦ ಮಂದಿ ಮಧುಮೇಹಿಗಳ ಮೇಲೆ ನಡೆದ ಪ್ರಯೋಗವೊಂದರ ವರದಿ ಪ್ರಕಟವಾಯಿತು. ದಿನಕ್ಕೆ ೧, ೩ ಅಥವಾ ೬ ಗ್ರಾಂ ಪುಡಿಯನ್ನು ಸೇವಿಸಿದವರ ರಕ್ತದಲ್ಲಿ ಸಕ್ಕರೆ ಇಳಿಯಿತೆಂದು ಅದರಲ್ಲಿ ಹೇಳಿತ್ತು. ಮುಂದಿನ ಪ್ರಯೋಗಗಳ ಫಲಿತಾಂಶಗಳು ಪರಸ್ಪರ ಹೊಂದಿಬರಲಿಲ್ಲ. ಆದರೂ ದಾಲ್ಚಿನ್ನಿ ಸಕ್ಕರೆ ರೋಗಕ್ಕೆ ಮದ್ದೆಂಬ ಮಾತು ಲೋಕವೆಲ್ಲ ಹರಡಿತು. ವರದಿಯ ಶಿರೋನಾಮೆಯಲ್ಲಿದ್ದುದು ದಾಲ್ಚಿನ್ನಿಯ ಹೆಸರು. ರೋಗಿಗಳು ಸೇವಿಸಿದ್ದು ಕಾಸಿಯಾ. ೬ ಗ್ರಾಂ ಕಾಸಿಯಾದಲ್ಲಿ ಮೇಲಿನ ಸರಾಸರಿಯಂತೆ ೧೮ ಮಿಲಿಗ್ರಾಂ ಕೂಮರಿನ್, ಅಂದರೆ ಸಹ್ಯಮಿತಿಯ ಮೂರರಷ್ಟು, ಇರುತ್ತದೆ. ಅಡುಗೆಯಲ್ಲಿ ಅಪರೂಪಕ್ಕೆ ಹಾಕುವ ತುಂಡು ಚಕ್ಕೆಯಿಂದ ಭಯಪಡಬೇಕಾದುದಿಲ್ಲ. ಆದರೆ ದಿನವೂ ಚಮಚದ ಲೆಕ್ಕದಲ್ಲಿ ಪುಡಿಯನ್ನು ಮದ್ದಾಗಿ ಸೇವಿಸುವವರಿಗೆ, ಅದರಲ್ಲಿಯೂ ಯಕೃತ್ತು ಸೂಕ್ಷ್ಮವಾಗಿರುವ ಕೆಲವರಿಗೆ, ಪೊಟ್ಟಣದ ಮೇಲಿನ ಹೆಸರು ನಿಜವೇ ಎಂಬುದು ಆರೋಗ್ಯದ ಪ್ರಶ್ನೆ. ಇಡೀ ಚಕ್ಕೆಯನ್ನು ಕಣ್ಣಿನಿಂದ ಗುರುತಿಸಬಹುದು: ಸಿಂಹಳದ್ದು ಕಾಗದದಂತೆ ತೆಳುವಾದ ಹಲವು ಪದರಗಳ ಸುರುಳಿ, ಕಾಸಿಯಾ ದಪ್ಪನಾದ, ಗಡುಸಾದ ಒಂದೇ ಪದರ. ಪುಡಿಯಾದಮೇಲೆ ಕಣ್ಣು ಸೋಲುತ್ತದೆ. ಅಲ್ಲಿ ಸಾಕ್ಷಿ ಹೇಳಬಲ್ಲುದು ಅಲ್ಪಾಂಶವೇ.

೫. ಒಂದೇ ಬುಡದ ಕೊಂಬೆಗಳು

ಈ ದ್ರವ್ಯಗಳು ಸಸ್ಯದಲ್ಲಿ ಹುಟ್ಟುವ ಬಗೆಯನ್ನು ೨೦ನೆಯ ಶತಮಾನದ ನಡುಭಾಗದ ಸಂಶೋಧನೆಗಳು ತಿಳಿಸಿಕೊಟ್ಟುವು. ೧೮೮೫ರಲ್ಲಿ ಡಚ್ ರಸಾಯನಜ್ಞ ಐಕ್ಮನ್ ಜಪಾನಿನ ಶಿಕಿಮಿ ಎಂಬ ಮರದ ಹಣ್ಣಿನಿಂದ ಒಂದು ಆಮ್ಲವನ್ನು ಪಡೆದಿದ್ದನು. ವಲಯರೂಪದ ದ್ರವ್ಯಗಳನ್ನು ಜೀವಕೋಶ ಕಟ್ಟುವ ದಾರಿಯಲ್ಲಿ ಈ ಶಿಕಿಮಿಕ್ ಆಮ್ಲವೇ ಒಂದು ಮುಖ್ಯ ತಂಗುದಾಣವೆಂದು ೧೯೫೦ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಡೇವಿಸ್ ಬ್ಯಾಕ್ಟೀರಿಯಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. ಆ ದಾರಿ ಫಿನೈಲಾಲನೀನ್ ಎಂಬ ಅಮೈನೊ ಆಮ್ಲವನ್ನು ಮುಟ್ಟುತ್ತದೆ. ಫಿನೈಲಾಲನೀನನ್ನು ಸಿನಮಿಕ್ ಆಮ್ಲವನ್ನಾಗಿ ಮಾರ್ಪಡಿಸುವ ಕಿಣ್ವವನ್ನು ೧೯೬೧ರಲ್ಲಿ ಕೌಕಲ್ ಮತ್ತು ಕಾನ್ ಬಾರ್ಲಿಯಲ್ಲಿ ಗುರುತಿಸಿದರು.

ಹಳೆಯ ಶೀಸೆಯ ತಳದಲ್ಲಿ ಕಂಡ ಹರಳಿನ ಹೆಸರು ಇಲ್ಲಿ ಮತ್ತೆ ಬಂದುದನ್ನು ಗಮನಿಸಬೇಕು. ಸಿನಮಿಕ್ ಆಮ್ಲ ದಾಲ್ಚಿನ್ನಿಯ ಸೊತ್ತಲ್ಲ. ನೆಲದ ಮೇಲೆ ಬೆಳೆಯುವ ಸಸ್ಯವರ್ಗಕ್ಕೆಲ್ಲ ಸಾಮಾನ್ಯವಾದುದು. ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಕೂಡ ಅದರಿಂದಲೇ ಹುಟ್ಟುತ್ತದೆ. ಅದರ ಬಾಲವನ್ನು ಒಂದು ಬಗೆಯಲ್ಲಿ ತಿದ್ದಿದರೆ ಸಿನಮಾಲ್ಡಿಹೈಡ್; ವಲಯಕ್ಕೆ ಬಾಲದ ಪಕ್ಕದಲ್ಲಿ ಆಮ್ಲಜನಕ ಸೇರಿ ಬಾಲ ಮಡಿಚಿಕೊಂಡರೆ ಕೂಮರಿನ್; ಬೇರೆ ಸ್ಥಾನಗಳಲ್ಲಿ ಆಮ್ಲಜನಕ ಸೇರುತ್ತ ಹೋದರೆ ಯೂಜಿನಾಲಿನ ಕಡೆಗೆ ದಾರಿ. ಅಂದರೆ ಪರಿಮಳದ ದ್ರವ್ಯವೂ ಯಕೃತ್ತಿಗೆ ಹಾನಿಕರವಾದ ದ್ರವ್ಯವೂ ಒಂದೇ ಬುಡದ ಎರಡು ಕೊಂಬೆಗಳು. ಸಿಂಹಳದ ಮರ ಒಂದು ಕೊಂಬೆಯನ್ನು ಬೆಳೆಸಿಲ್ಲ, ಕಾಸಿಯಾ ಬೆಳೆಸಿದೆ.

ಬೇರೆ ಸಾಂಬಾರ ಸಸ್ಯಗಳೂ ಈ ಬಳಗಕ್ಕೇ ಸೇರುತ್ತವೆ. ೧೮೧೫ರಲ್ಲಿ ಅರಿಶಿನದಿಂದ ಪಡೆದ ಹಳದಿಯ ದ್ರವ್ಯವಾದ ಕರ್ಕ್ಯುಮಿನ್ ಇಂಥ ಎರಡು ಘಟಕಗಳು ಕೂಡಿ ಆದುದೆಂಬುದು ೧೯೧೦ರಲ್ಲಿ ಅದರ ರಚನೆ ತಿಳಿದಮೇಲೆ ಸ್ಪಷ್ಟವಾಯಿತು. ೧೮೧೯ರಲ್ಲಿ ಡೆನ್ಮಾರ್ಕಿನ ಏರ್‌ಸ್ಟೆಡ್ ಕರಿಮೆಣಸಿನಿಂದ ಬೇರ್ಪಡಿಸಿದ ಪೈಪರೀನಿನ ಒಂದು ಭಾಗವೂ, ೧೮೭೬ರಲ್ಲಿ ಥ್ರೆಶ್ ಹೆಸರಿಟ್ಟ ಮೆಣಸಿನಕಾಯಿಯ ಕ್ಯಾಪ್ಸೇಸಿನಿನ ಒಂದು ಭಾಗವೂ ಇದೇ ಮೂಲದವು. ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಹೊಸ ಕಾಯಿಗೆ ಕನ್ನಡಿಗರು ತಮಗೆ ಪರಿಚಿತವಾಗಿದ್ದ ಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಎಂದರು. ಸಸ್ಯಶಾಸ್ತ್ರದಲ್ಲಿ ಇವೆರಡಕ್ಕೂ ನಂಟಿಲ್ಲ. ಆದರೆ ೧೯೯೭ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಕ್ಯಾಪ್ಸೇಸಿನಿಗೆ ಸ್ಪಂದಿಸುವ ನರತಂತುಗಳ ಗ್ರಾಹಕವನ್ನು ಗುರುತಿಸಿದರು. ಪೈಪರೀನ್ ಕೂಡ ಅದೇ ಗ್ರಾಹಕವನ್ನು ಕೆರಳಿಸುತ್ತದೆಂದು ಅನಂತರ ತಿಳಿಯಿತು. ನಾಲಗೆ ಕೊಟ್ಟ ಹೆಸರಿಗೂ ತನ್ನದೇ ಆದ ಆಧಾರವಿತ್ತು.

೬. ಚರಿತ್ರೆಯ ವಿದ್ಯಾರ್ಥಿಗೆ

೨೦೧೩ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಇಸ್ರೇಲಿನಲ್ಲಿ ದೊರೆತ, ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯ ೨೭ ಫಿನೀಷಿಯನ್ ಸಣ್ಣ ಕುಪ್ಪಿಗಳನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ ೧೦ರ ಮಣ್ಣಿನ ಗೋಡೆಯಲ್ಲಿ ಸಿನಮಾಲ್ಡಿಹೈಡಿನ ಶೇಷವಿತ್ತೆಂದು ವರದಿಯಾಗಿದೆ. ಕಿನ್ನಮೋಮೊನ್ ಎಂಬ ಹೆಸರು ಫಿನೀಷಿಯನರಿಂದ ಬಂದುದೆಂಬ ಹೆರೊಡೋಟಸನ ಮಾತನ್ನು ನೆನೆದರೆ ಈ ವರದಿಯ ಮಹತ್ವ ವೇದ್ಯವಾಗುತ್ತದೆ. ಅಳಿದುಹೋಯಿತೆಂದು ತಿಳಿದಿದ್ದ ಸರಕು ತನ್ನ ಗುರುತನ್ನು ಮಡಕೆಯ ಮೈಯಲ್ಲಿ ಉಳಿಸಿದ್ದಿರಬಹುದು. ಆದರೆ ಈ ಸಾಕ್ಷ್ಯ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಎಚ್ಚರಿಕೆಯಿಂದ ತೂಗಬೇಕು. ಮೇಲೆ ಕಂಡಂತೆ ಸಿನಮಾಲ್ಡಿಹೈಡ್ ಈ ಕುಲದ ಹಲವು ತೊಗಟೆಗಳಿಗೆ ಸಮಾನ. ಕುಪ್ಪಿಯಲ್ಲಿದ್ದುದು ಸಿಂಹಳದ್ದೇ, ಮಲಬಾರಿನದೇ, ಚೀನದ್ದೇ ಎಂಬುದನ್ನು ಅದೊಂದೇ ನಿರ್ಣಯಿಸಲಾರದು. ಅದನ್ನು ನಿರ್ಣಯಿಸಬಲ್ಲ ಅಲ್ಪಾಂಶಗಳು ಮೂರು ಸಾವಿರ ವರ್ಷ ಉಳಿಯುವುದು ಕಷ್ಟ.

ಆದುದರಿಂದ ಆಕರಗ್ರಂಥಗಳನ್ನು ಓದುವ ವಿದ್ಯಾರ್ಥಿಗಳು ಎರಡು ನಿಯಮಗಳನ್ನು ಪಾಲಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಹಳೆಯ ಗ್ರಂಥದ ತ್ವಕ್, ಕಾಸಿಯಾ, ಕಿನ್ನಮೋಮೊನ್ ಮೊದಲಾದ ಹೆಸರುಗಳನ್ನು ಅನುವಾದಿಸುವಾಗ ಮೂಲದ ಹೆಸರನ್ನೇ ಉಳಿಸಿಕೊಳ್ಳಬೇಕು. ಇಂದಿನ ಸಸ್ಯನಾಮವನ್ನು ಅದರ ಜಾಗದಲ್ಲಿ ಇಡಬಾರದು. ಎರಡನೆಯದಾಗಿ, ಸರಕು ಸಸ್ಯದ ಯಾವ ಅಂಗ, ಯಾವ ರೇವಿನಿಂದ ಹೊರಟಿತು, ಯಾವ ರೂಪದಲ್ಲಿ ಮಾರಾಟವಾಯಿತು ಎಂಬ ಮೂರನ್ನೂ ಬೇರೆ ಬೇರೆಯಾಗಿ ಗುರುತುಹಾಕಿಕೊಳ್ಳಬೇಕು. ರೇವಿನ ಹೆಸರನ್ನು ಬೆಳೆದ ನಾಡಿನ ಹೆಸರೆಂದು ಭಾವಿಸಿದುದೇ ಪ್ಲಿನಿಯಂಥ ವಿವೇಕಿಯನ್ನೂ ದಾರಿತಪ್ಪಿಸಿರಬೇಕೆಂದು ತೋರುತ್ತದೆ. ಕನ್ನಡ ಕರಾವಳಿಯ ರೇವುಗಳಿಂದ ಹೊರಟ ಸಾಂಬಾರ ದ್ರವ್ಯಗಳ ಚರಿತ್ರೆಯನ್ನು ಬರೆಯುವವರಿಗೂ ಇದು ಅನ್ವಯಿಸುತ್ತದೆ. ಘಟ್ಟದ ಕಾಡುಗಳಲ್ಲಿ ಈ ಕುಲದ ಮರಗಳು ಇಂದಿಗೂ ಬೆಳೆಯುತ್ತವೆ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಸಾಂಬಾರ ದ್ರವ್ಯಗಳ ತೈಲ ಮತ್ತು ಸತ್ವಗಳ ಅಧ್ಯಯನದಲ್ಲಿ ದೀರ್ಘಕಾಲದ ಅನುಭವವನ್ನು ಗಳಿಸಿದೆ. ಚರಿತ್ರೆ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಈ ಮೂರು ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಕೆಲಸ ಮಾಡಿದರೆ, ನಮ್ಮ ಹಳೆಯ ರೇವುಗಳ ಮಡಕೆಯ ಚೂರುಗಳು ಇದುವರೆಗೆ ಹೇಳದಿದ್ದ ಸಂಗತಿಗಳನ್ನು ಹೇಳಬಹುದು.